ಕೊರತೆ ಬರೆಯುವವಳು

ನಮ್ಮ ಊರಿನಲ್ಲಿ ಒಂದು ಕಟ್ಟಳೆ ಇದೆ. ತನಗೆ ಏನು ಗೊತ್ತಿಲ್ಲ ಎಂದು ಸ್ವಂತ ಬಾಯಿಂದ ಹೇಳದ ವೈದ್ಯನಿಗೆ ಯಾರೂ ಏನನ್ನೂ ಕಲಿಸುವ ಹಾಗಿಲ್ಲ. ಹೇಳಿದ್ದನ್ನು ಮಾತ್ರ ಕಲಿಸಬೇಕು. ಹೇಳದ್ದನ್ನು ಕಲಿಸಲು ಹೊರಟರೆ ಗುರುಗಳನ್ನು ಕರೆತರುವ ದೋಣಿ ಹೊಳೆಯ ನಡುವೆ ನಿಂತುಬಿಡುತ್ತದೆ. ಗಾಳಿ ಇದ್ದರೂ ನಿಲ್ಲುತ್ತದೆ, ಹುಟ್ಟು ಹಾಕಿದರೂ ನಿಲ್ಲುತ್ತದೆ. ಯಾಕೆ ಎಂದು ನನ್ನನ್ನು ಕೇಳಬೇಡಿ. ನಾನು ಕೇಳಿ ಕೇಳಿ ಸಾಕಾಗಿದ್ದೇನೆ.

ಹೊಳೆಯ ಈಚೆ ದಡದಲ್ಲಿ ಹದಿನಾಲ್ಕು ಮಂದಿ ಮನಸ್ಸಿನ ವೈದ್ಯರಿದ್ದಾರೆ. ಆಚೆ ದಡದಲ್ಲಿ ಗುರುಗಳಿದ್ದಾರೆ, ಒಬ್ಬೊಬ್ಬರಿಗೆ ಒಂದೊಂದೇ ಪಾಠ ಗೊತ್ತು. ನಡುವೆ ನಾನಿದ್ದೇನೆ. ನನ್ನ ಕೆಲಸ ಕೊರತೆ ಬರೆಯುವುದು. ನನ್ನ ಅವ್ವ ಅದನ್ನೇ ಮಾಡುತ್ತಿದ್ದಳು, ಅವಳ ಕೈಯಿಂದ ಹಲಗೆ ನನ್ನ ಕೈಗೆ ಬಂತು. ವರ್ಷಕ್ಕೊಮ್ಮೆ ಸುಗ್ಗಿ ಮುಗಿದ ಮೇಲೆ ಆ ಕರಿ ಹಲಗೆಯನ್ನು ಕಂಕುಳಲ್ಲಿಟ್ಟುಕೊಂಡು ಹದಿನಾಲ್ಕು ಮನೆಗೂ ಹೋಗುತ್ತೇನೆ. ಹೊರಗೇ ನಿಂತು ಮೂರು ಸಲ ಕೇಳುತ್ತೇನೆ.

"ಸ್ವಾಮಿ, ನಿಮಗೆ ಏನು ಗೊತ್ತಿಲ್ಲ?"

"ಸ್ವಾಮಿ, ನಿಮಗೆ ಏನು ಗೊತ್ತಿಲ್ಲ?"

"ಸ್ವಾಮಿ, ನಿಮಗೆ ಏನು ಗೊತ್ತಿಲ್ಲ?"

ಮೂರನೆಯ ಸಲಕ್ಕೆ ಬಂದ ಉತ್ತರವನ್ನು ಬಳಪದಲ್ಲಿ ಬರೆಯುತ್ತೇನೆ. ಹುಣ್ಣಿಮೆಯ ಬೆಳಿಗ್ಗೆ ಅರಳಿಕಟ್ಟೆಯ ಮೇಲೆ ನಿಂತು ಹದಿನಾಲ್ಕು ಉತ್ತರಗಳನ್ನೂ ಊರಿನ ಮುಂದೆ ಗಟ್ಟಿಯಾಗಿ ಓದುತ್ತೇನೆ. ಆಮೇಲೆ ಹಲಗೆ ದೋಣಿ ಹತ್ತಿ ಆಚೆ ದಡಕ್ಕೆ ಹೋಗುತ್ತದೆ. ಹಲಗೆಯಲ್ಲಿ ಯಾವ ಪಾಠ ಇದೆಯೋ ಅದರ ಗುರು ಬರುತ್ತಾರೆ, ಒಂಬತ್ತು ದಿನ ಇದ್ದು ಕಲಿಸುತ್ತಾರೆ. ಹದಿನಾಲ್ಕು ಮಂದಿಯಲ್ಲಿ ಒಬ್ಬರೇ ಕೇಳಿದರೂ ಸಾಕು, ಆ ಗುರು ಬರಲೇಬೇಕು. ಎಷ್ಟು ಒಳ್ಳೆಯ ಏರ್ಪಾಡು ನೋಡಿ.

ಹದಿನೇಳು ವರ್ಷದಿಂದ ನಾನು ಆ ಹಲಗೆಯ ಮೇಲೆ ಬರೆದಿರುವುದು ಒಂದೇ ಮಾತು. ಕನಸು. ಮೊದಲನೆಯ ಮನೆಯಲ್ಲಿ ಕನಸಿನ ಅರ್ಥ. ಎರಡನೆಯ ಮನೆಯಲ್ಲಿ ಕನಸಿನ ಒಳ ಅರ್ಥ. ಮೂರನೆಯ ಮನೆಯಲ್ಲಿ ಕನಸಿನೊಳಗಿನ ಕನಸು. ಹೀಗೆ ಹದಿನಾಲ್ಕು ಮನೆ. ಈ ಹದಿನಾಲ್ಕು ಮಂದಿಗೆ ಚೆನ್ನಾಗಿ ಗೊತ್ತಿರುವ ಸಂಗತಿ ಒಂದಿದ್ದರೆ ಅದು ಕನಸು. ಅರ್ಧ ಕನಸು ಹೇಳಿದರೆ ಉಳಿದರ್ಧವನ್ನು ಅವರೇ ಹೇಳಿಬಿಡುತ್ತಾರೆ. ಆದರೂ ಅದನ್ನೇ ಕೇಳುತ್ತಾರೆ, ಯಾಕೆಂದರೆ ಅದು ಕಟ್ಟೆಯ ಮೇಲೆ ಓದಿಸಿಕೊಳ್ಳಲು ಚೆನ್ನಾಗಿರುತ್ತದೆ. ಕೆಳಗೆ ನಿಂತ ಜನ ತಲೆದೂಗುತ್ತಾರೆ. ಎಷ್ಟು ದೊಡ್ಡವರು, ಇನ್ನೂ ಕಲಿಯಬೇಕು ಅಂತಾರಲ್ಲ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ನನಗೆ ಹಲಗೆಯನ್ನು ಅಲ್ಲೇ ಎತ್ತಿ ಒಡೆಯಬೇಕು ಅನ್ನಿಸುತ್ತದೆ.

ವೈದ್ಯರ ಮನೆಗಳ ಬಗ್ಗೆ ಹೇಳಬೇಕು. ಒಂದೊಂದು ಮನೆಯ ಮುಂದೆಯೂ ಆಳೆತ್ತರದ ಗೋಡೆ ಇದೆ, ಗೋಡೆಯಲ್ಲಿ ಮುಷ್ಟಿಯಷ್ಟು ದೊಡ್ಡ ಕಿಂಡಿ ಇದೆ. ಮನಸ್ಸು ಕೆಟ್ಟವರು ಈ ಕಡೆ ನಿಂತು ಕಿಂಡಿಗೆ ಬಾಯಿ ಕೊಟ್ಟು ಹೇಳಿಕೊಳ್ಳುತ್ತಾರೆ. ವೈದ್ಯರು ಆ ಕಡೆ ಕೂತು ಕಿವಿ ಕೊಟ್ಟು ಕೇಳುತ್ತಾರೆ. ಮುಖ ಕಂಡರೆ ಜನ ನಾಚಿಕೊಂಡು ಬಾಯಿ ಬಿಡುವುದಿಲ್ಲ ಎಂದು ಹಿಂದಿನವರು ಕಟ್ಟಿಸಿದ ಗೋಡೆ ಅದು. ಕಟ್ಟಿಸಿದವರ ಮನಸ್ಸು ಒಳ್ಳೆಯದೇ. ಕೇಳಿ ಮುಗಿದ ಮೇಲೆ ಕಿಂಡಿಯಿಂದ ಒಂದು ಕೈ ಹೊರಗೆ ಬರುತ್ತದೆ, ಕೈಯಲ್ಲಿ ಬಿಳಿ ಪುಡಿಯ ಪೊಟ್ಟಣ ಇರುತ್ತದೆ. ದಿನಕ್ಕೆ ಇಷ್ಟು ಚಮಚ ಎಂದು ದನಿ ಹೇಳುತ್ತದೆ. ಆ ವೈದ್ಯರು ತಮ್ಮ ಹತ್ತಿರ ಬರುವ ಒಬ್ಬರನ್ನೂ ಕಣ್ಣಿನಿಂದ ನೋಡಿದವರಲ್ಲ.

ಇನ್ನು ಊರ ನಡುವಿನ ಕಲ್ಯಾಣಿ. ಅದರ ಸುತ್ತ ನಾಲ್ಕು ಕಡೆಯೂ ಕಲ್ಲಿನ ದಾರಿ, ಇಳಿಯಲು ಮೆಟ್ಟಿಲು. ಅಲ್ಲಿ ದಿನವಿಡೀ ಜನ ಸುತ್ತು ಹಾಕುತ್ತಾರೆ. ಗಂಡಸರು, ಹೆಂಗಸರು, ಒಟ್ಟು ನಲವತ್ತಕ್ಕೂ ಮೇಲೆ. ಅವರು ಕೂರುವುದಿಲ್ಲ. ಉಣ್ಣುವಾಗಲೂ ತಟ್ಟೆ ಹಿಡಿದು ನಡೆಯುತ್ತಾರೆ. ಊರಿನ ಜನ ಅದನ್ನು ಹರಕೆ ಅಂದುಕೊಂಡಿದ್ದಾರೆ. ಬೆಳಿಗ್ಗೆ ಎದ್ದು ಆ ಕಲ್ಲುಗಳಿಗೆ ನೀರು ಹಾಕುತ್ತಾರೆ, ಎದುರಾದರೆ ಕೈ ಮುಗಿಯುತ್ತಾರೆ, ಚಪ್ಪಲಿ ಹೊಲಿಯುವವನು ಪುಣ್ಯ ಬರಲಿ ಎಂದು ಅವರಿಗೆ ಪುಕ್ಕಟೆಯಾಗಿ ಅಟ್ಟೆ ಹಾಕಿಕೊಡುತ್ತಾನೆ. ಸುತ್ತಿನವರು ಎಂದು ಅವರಿಗೆ ಹೆಸರು. ಅವರೆಲ್ಲ ಯಾವುದೋ ಒಂದು ಕಿಂಡಿಯಿಂದ ಪುಡಿ ತಗೊಂಡು ಕುಡಿಯುವವರೇ ಎಂಬುದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ನಾನೂ ಬಹಳ ದಿನ ತೆಗೆದುಕೊಂಡಿರಲಿಲ್ಲ. ನನ್ನ ಅಕ್ಕ ಅವರಲ್ಲಿ ಒಬ್ಬಳಾಗುವ ತನಕ ನಾನೂ ಕೈ ಮುಗಿದವಳೇ.

ಅಕ್ಕ ಚಾಪೆ ಹೆಣೆಯುವವಳು. ಜೊಂಡು ಹರವಿಕೊಂಡು ಬೆಳಿಗ್ಗೆ ಕೂತರೆ ಸಂಜೆ ತನಕ ಕೂತಲ್ಲಿಂದ ಅಲುಗದವಳು. ಹತ್ತು ವರ್ಷದ ಹಿಂದೆ ಅವಳಿಗೆ ದನಿಗಳು ಕೇಳಿಸತೊಡಗಿದವು. ಮೊದಲು ಅವು ಹೆಸರು ಕರೆದವು, ಆಮೇಲೆ ಬೈದವು, ಆಮೇಲೆ ಬಾವಿಗೆ ಇಳಿ ಎಂದವು. ಅವಳು ಇಳಿದಳು. ಅವಳನ್ನು ಮೇಲಕ್ಕೆ ಎತ್ತಿದವಳು ನಾನು. ಹಗ್ಗ ಕೊರೆದು ಅಂಗೈಯಲ್ಲಾದ ಗಾಯ ಒಣಗಲು ಒಂದು ತಿಂಗಳು ಹಿಡಿಯಿತು. ಊರಿಗೇ ಹಿರಿಯರಾದ ವೈದ್ಯರ ಕಿಂಡಿಗೆ ಅವಳನ್ನು ಕರೆದುಕೊಂಡು ಹೋದೆ. ಅವರು ಒಂದು ಚಮಚ ಪುಡಿ ಕೊಟ್ಟರು. ಮೂರು ವಾರದಲ್ಲಿ ದನಿಗಳು ನಿಂತವು. ಆ ಪುಡಿಯನ್ನು ನಾನು ಹಳಿಯುವುದಿಲ್ಲ, ಅದು ನನ್ನ ಅಕ್ಕನನ್ನು ನನಗೆ ವಾಪಸು ಕೊಟ್ಟಿದೆ.

ಆದರೆ ನಾಲ್ಕನೆಯ ವಾರ ಅವಳು ಚಾಪೆಯಿಂದ ಎದ್ದಳು. ಕೂತಳು, ಎದ್ದಳು. ಮತ್ತೆ ಕೂತಳು, ಮತ್ತೆ ಎದ್ದಳು. ಆ ತಿಂಗಳ ಕೊನೆಗೆ ಕಲ್ಯಾಣಿಯ ಸುತ್ತ ನಡೆಯುತ್ತಿದ್ದಳು. ನಾವಿಬ್ಬರೂ ಕಿಂಡಿಗೆ ಹೋದೆವು. ಅಕ್ಕ ಗೋಡೆಯ ಮುಂದೆ ಅತ್ತಿಂದಿತ್ತ ನಡೆಯುತ್ತಲೇ ಹೇಳಿದಳು.

"ಸ್ವಾಮಿ, ಕೂರಕ್ಕೆ ಆಗ್ತಿಲ್ಲ. ಒಳಗೆಲ್ಲ ಇರುವೆ ಹರಿದಂಗೆ ಆಗುತ್ತೆ. ಕಾಲು ತಾನಾಗೇ ಎದ್ದು ಹೋಗುತ್ತೆ."

ಒಳಗಿನಿಂದ ದನಿ ಬಂತು. ಬಹಳ ಮೃದುವಾದ ದನಿ ಅದು.

"ನಿನ್ನ ಹೆಜ್ಜೆ ಸಪ್ಪಳ ಕೇಳಿಸ್ತಿದೆ ತಾಯಿ. ಕಳವಳ ಜಾಸ್ತಿ ಆಗಿದೆ. ಕಾಯಿಲೆ ಮತ್ತೆ ತಲೆ ಎತ್ತಿದೆ. ಇನ್ನರ್ಧ ಚಮಚ ಸೇರಿಸಿ ಕುಡಿ. ಕನಸು ಏನಾದ್ರೂ ಬಿತ್ತಾ?"

"ಕನಸು ಬೀಳೋಕೆ ಮಲಗಬೇಕಲ್ಲ ಸ್ವಾಮಿ."

"ಬಿದ್ದಾಗ ಬಂದು ಹೇಳು."

ಅರ್ಧ ಚಮಚ ಹೆಚ್ಚಾಯಿತು. ನಡಿಗೆಯೂ ಹೆಚ್ಚಾಯಿತು. ಮತ್ತೆ ಹೋದೆವು, ಮತ್ತೆ ಅವರಿಗೆ ಹೆಜ್ಜೆ ಸಪ್ಪಳ ಕೇಳಿಸಿತು, ಮತ್ತೆ ಅರ್ಧ ಚಮಚ. ಒಂಬತ್ತು ವರ್ಷದಲ್ಲಿ ಒಂದು ಚಮಚ ನಾಲ್ಕು ಚಮಚ ಆಯಿತು. ಪುಡಿ ನಡೆಸುತ್ತಿತ್ತು, ನಡಿಗೆ ಕೇಳಿ ಅವರು ಪುಡಿ ಹೆಚ್ಚಿಸುತ್ತಿದ್ದರು. ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಬೈದು ಹಗುರಾಗುತ್ತಿದ್ದೆ.

ಕನಸಿನ ಗುರು ಪ್ರತಿ ವರ್ಷವೂ ಬರುತ್ತಿದ್ದ. ಒಂಬತ್ತು ದಿನದ ಊಟ ತಿಂದು ತಿಂದು ದುಂಡಗಾಗಿದ್ದ. ಮೂರು ವರ್ಷದ ಹಿಂದೆ ಅವನನ್ನು ದೋಣಿಯ ತನಕ ಬಿಡಲು ಹೊರಟಾಗ ಅವನು ಕಲ್ಯಾಣಿಯ ಮೆಟ್ಟಿಲ ಮೇಲೆ ಉಸ್ಸೆಂದು ಕೂತ.

"ನನ್ನ ಹತ್ರ ಇನ್ನೇನೂ ಉಳಿದಿಲ್ಲ ಕಣಮ್ಮ. ಹೋದ್ಸಲ ಹೇಳಿದ್ದನ್ನೇ ಹೇಳ್ತೀನಿ. ಹೋದ್ಸಲವೂ ತಲೆ ಆಡಿಸಿದ್ರು, ಈ ಸಲವೂ ಆಡಿಸಿದ್ರು. ನಡುವೆ ನಾನು ತಪ್ಪಿದ್ರೆ ಅವರೇ ತಿದ್ತಾರೆ."

"ಹಾಗಾದ್ರೆ ಯಾಕೆ ಬರ್ತೀರಾ?"

"ಕರೀತಾರಲ್ಲ." ಅವನು ಕಲ್ಲಿನ ದಾರಿಯ ಕಡೆ ನೋಡಿದ. ಸುತ್ತಿನವರು ಸಾಲಾಗಿ ಹೋಗುತ್ತಿದ್ದರು. "ಅವರ ಪಾಠ ಗೊತ್ತಿರೋ ಒಬ್ಬ ಮುದುಕಿ ಇದ್ದಾಳೆ ನಮ್ಮ ದಡದಲ್ಲಿ. ಪುಡಿ ಕುಡಿದವರು ಯಾಕೆ ಕೂರಲ್ಲ, ಏನು ಮಾಡಿದ್ರೆ ಕೂರ್ತಾರೆ, ಎಲ್ಲ ಗೊತ್ತು ಅವಳಿಗೆ. ವರ್ಷಾ ವರ್ಷಾ ಪೆಟ್ಟಿಗೆ ಕಟ್ಟಿಕೊಂಡು ದಡದಲ್ಲಿ ಕೂತ್ಕೋತಾಳೆ. ಯಾರೂ ಕರೆಯಲ್ಲ."

"ನೀವೇ ಅವಳನ್ನ ಕೇಳಿ ಬಂದು ಹೇಳಿ."

"ನಮಗೂ ಅದೇ ಕಟ್ಟಳೆ. ನನಗೆ ಕನಸು ಮಾತ್ರ. ಅವಳ ಬಾಯಿ ತೆರೀಬೇಕಾದ್ರೆ ಈ ಕಡೆಯಿಂದ ವೈದ್ಯರು ಕೇಳ್ಬೇಕು."

ಮರುವರ್ಷ ನಾನು ಮಾಡಬಾರದ್ದನ್ನು ಮಾಡಿದೆ. ಹದಿನಾಲ್ಕು ಕನಸುಗಳ ಕೆಳಗೆ ನಾನೇ 'ಕಾಲು' ಎಂದು ಬರೆದೆ. ಅದನ್ನು ಕಟ್ಟೆಯ ಮೇಲೆ ಓದಲಿಲ್ಲ. ದೋಣಿ ಹೊಳೆಯ ನಡುವೆ ನಿಂತಿತು. ಅಂಬಿಗ ಅರ್ಧ ದಿನ ಹುಟ್ಟು ಹಾಕಿದ. ಊರೆಲ್ಲ ದಡದಲ್ಲಿ ನೆರೆದು ನೋಡುತ್ತಿತ್ತು. ಕೊನೆಗೆ ಅವನು ಹಲಗೆ ಎತ್ತಿ ನೋಡಿದ, ಹೆಬ್ಬೆರಳಿಗೆ ನೀರು ಮುಟ್ಟಿಸಿ ಆ ಒಂದು ಪದವನ್ನು ಒರೆಸಿದ. ದೋಣಿ ಹೊರಟಿತು. ಅವತ್ತು ನಾನು ಎಲ್ಲರ ಮುಂದೆ ತಲೆ ತಗ್ಗಿಸಿ ನಿಲ್ಲಬೇಕಾಯಿತು. ಸುಳ್ಳು ಬರೆದದ್ದಕ್ಕೆ ನಾಚಿಕೆ ಆಗಲಿಲ್ಲ, ಅದು ಸುಳ್ಳಲ್ಲದಿದ್ದರೂ ದೋಣಿ ನಿಂತಿತಲ್ಲ ಎಂದು ಹೊಟ್ಟೆ ಉರಿಯಿತು.

ಹೋದ ವರ್ಷ ಸುಗ್ಗಿಯ ಹೊತ್ತಿಗೆ ಅಕ್ಕ ಸುತ್ತು ಹಾಕುತ್ತಲೇ ನನಗೆ ಹೇಳಿದಳು. ನಾನು ಅವಳ ಪಕ್ಕದಲ್ಲಿ ಓಡುನಡಿಗೆಯಲ್ಲಿ ಹೋಗುತ್ತಿದ್ದೆ.

"ಹುಣ್ಣಿಮೆ ತನಕ ನೋಡ್ತೀನಿ. ಆಮೇಲೆ ಪುಡಿ ಬಿಡ್ತೀನಿ."

"ಬಿಟ್ರೆ ಅವು ವಾಪಸು ಬರ್ತವೆ ಅಕ್ಕ."

"ಬರ್ಲಿ. ಬಾವಿ ಒಳಗಾದ್ರೂ ನಿಂತ್ಕೋಬೋದು."

ಅವಳು ತಮಾಷೆಗೆ ಹೇಳಲಿಲ್ಲ. ಹುಣ್ಣಿಮೆಗೆ ಹನ್ನೊಂದು ದಿನ ಇತ್ತು. ನಾನು ಹಲಗೆ ಎತ್ತಿಕೊಂಡು ಹೊರಟೆ.

ಮೊದಲ ಮನೆಯಲ್ಲಿ ಮೂರು ಸಲ ಕೇಳಿ, ನಾಲ್ಕನೆಯದಾಗಿ ನನ್ನದೊಂದು ಮಾತು ಸೇರಿಸಿದೆ. ಸ್ವಾಮಿ, ಕಾಲಿನ ವಿಷಯ ಕೇಳಬಾರದೆ ಎಂದೆ. ಒಳಗಿನಿಂದ ನಗು ಬಂತು. "ಕಾಲಾ? ಅದಕ್ಕೆ ಮೂಳೆ ಕಟ್ಟೋನ ಹತ್ರ ಹೋಗಮ್ಮ. ಬರ್ಕೋ, ಕನಸಿನಲ್ಲಿ ಬರೋ ನೀರಿನ ಅರ್ಥ." ಬರೆದುಕೊಂಡೆ.

ಐದನೆಯ ಮನೆಯವರು ಎಲ್ಲರಿಗಿಂತ ಕಿರಿಯರು, ಚುರುಕು ಬುದ್ಧಿ. ಅವರು ನನ್ನನ್ನೇ ಪ್ರಶ್ನಿಸಿದರು. "ನನಗೆ ಇಂಥದ್ದು ಗೊತ್ತಿಲ್ಲ ಅಂತ ನಾನು ಹೇಳ್ಬೇಕಾದ್ರೆ ಅದು ಇದೆ ಅಂತಾದ್ರೂ ಗೊತ್ತಿರ್ಬೇಕಲ್ವಾ? ಪೂರ್ತಿ ಗೊತ್ತಿಲ್ದೇ ಇರೋದನ್ನ ಹೆಂಗೆ ಹೇಳ್ಲಿ ನೀನೇ ಹೇಳು." ಅವರು ಹೇಳಿದ್ದು ಸರಿಯೇ. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ಹಾಗಾದ್ರೆ ಗೋಡೆ ಈಚೆ ಬಂದು ನೋಡಿ ಸ್ವಾಮಿ ಎಂದೆ. ಗೋಡೆ ಯಾಕಿದೆ ಅಂತ ನಿನಗೆ ಗೊತ್ತಿಲ್ವಾ ಎಂದು ಅವರು ಬೇಸರಪಟ್ಟುಕೊಂಡರು.

ಏಳನೆಯ ಮನೆಯಲ್ಲಿರುವವರು ಹೆಂಗಸು. ಅವರು ಕಿಂಡಿಯ ಹತ್ತಿರ ಬಾಯಿ ತಂದು ಮೆಲ್ಲಗೆ ಹೇಳಿದರು.

"ನನಗೂ ಅನುಮಾನ ಇದೆ ಕಣೆ. ಮೂರು ವರ್ಷದಿಂದ ಇದೆ. ಆದ್ರೆ ನೀನು ಕಟ್ಟೆ ಮೇಲೆ ನಿಂತು ಓದ್ತೀಯಲ್ಲ, ಏಳನೇ ಮನೆಯವಳಿಗೆ ತಾನು ಕೊಡೋ ಪುಡಿನೇ ಗೊತ್ತಿಲ್ಲ ಅಂತ. ಮಾರನೇ ದಿನ ನನ್ನ ಕಿಂಡಿ ಹತ್ರ ಯಾರು ಬರ್ತಾರೆ? ಬರದೇ ಪುಡಿ ಬಿಟ್ರೆ ಬಾವಿಗೆ ಬೀಳೋರು ಯಾರು?"

"ಓದಲೇಬೇಕಲ್ಲ ಅವ್ವಾ, ಕಟ್ಟಳೆ."

"ಹಾಗಾದ್ರೆ ಕನಸು ಅಂತ ಬರ್ಕೋ."

ಬರೆದುಕೊಂಡೆ. ಒತ್ತಿದ್ದಕ್ಕೆ ಬಳಪ ಮುರಿಯಿತು. ಮುರಿದ ತುಂಡಿನಲ್ಲೇ ಬರೆದೆ. ಹದಿಮೂರು ಮನೆ ಮುಗಿದಾಗ ಹಲಗೆಯಲ್ಲಿ ಹದಿಮೂರು ಕನಸು ಇದ್ದವು, ಹುಣ್ಣಿಮೆಗೆ ಒಂದೇ ದಿನ ಇತ್ತು. ಉಳಿದದ್ದು ಹಿರಿಯ ವೈದ್ಯರ ಮನೆ.

ನಾನು ಅವರನ್ನು ಪ್ರಶ್ನೆ ಕೇಳಲಿಲ್ಲ. ಮೂರು ಸಲವೂ ಅಲ್ಲ, ಒಂದು ಸಲವೂ ಅಲ್ಲ. "ಸ್ವಾಮಿ, ನನ್ನ ಜೊತೆ ಕಲ್ಯಾಣಿ ತನಕ ಬನ್ನಿ," ಎಂದೆ.

"ಮೂವತ್ತು ವರ್ಷ ಆಯ್ತು ನಾನು ಆ ಕಡೆ ಹೋಗಿ."

"ಅದಕ್ಕೇ ಬನ್ನಿ."

ನನ್ನ ದನಿಯಲ್ಲಿ ಏನು ಕೇಳಿಸಿತೋ, ಅವರು ಕೇಳುವುದರಲ್ಲಿ ನಿಪುಣರು. ಬಾಗಿಲು ತೆಗೆದು ಹೊರಗೆ ಬಂದರು. ನಾನು ಹದಿನೇಳು ವರ್ಷದಿಂದ ಮಾತಾಡಿಸಿದ ಮನುಷ್ಯನ ಮುಖವನ್ನು ಅವತ್ತು ಮೊದಲ ಸಲ ನೋಡಿದೆ. ದನಿಗಿಂತ ಮುಖಕ್ಕೆ ಬಹಳ ವಯಸ್ಸಾಗಿತ್ತು. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಗೋಡೆ ಹಿಡಿದುಕೊಂಡು ನಡೆದರು.

ಸಂಜೆ ಐದು ಗಂಟೆ ಇರಬೇಕು. ಸುತ್ತಿನವರು ಸುತ್ತು ಹಾಕುತ್ತಿದ್ದರು. ದಾರಿಯ ಪಕ್ಕದಲ್ಲಿ ನಿಂತ ಜನ ಕೈ ಮುಗಿಯುತ್ತಿದ್ದರು. ಹಿರಿಯರು ಸ್ವಲ್ಪ ಹೊತ್ತು ನೋಡಿ, "ಎಂಥ ನಿಷ್ಠೆ," ಎಂದರು. ನಾನು ಹಲ್ಲು ಕಚ್ಚಿಕೊಂಡೆ. ಅಷ್ಟರಲ್ಲಿ ಹಾದುಹೋಗುತ್ತಿದ್ದ ಒಬ್ಬಾತ ತನ್ನಷ್ಟಕ್ಕೆ ಏನೋ ಗೊಣಗಿದ. ಹಿರಿಯರು ತಟ್ಟನೆ ತಿರುಗಿದರು. ಆ ದನಿ ಅವರಿಗೆ ಪರಿಚಯದ್ದು. ಇನ್ನೊಬ್ಬಳು ಕೆಮ್ಮಿದಳು, ಅದೂ ಪರಿಚಯದ್ದು. ಅವರು ಕಣ್ಣು ಮುಚ್ಚಿ ನಿಂತು ಒಂದು ಪೂರ್ತಿ ಸುತ್ತನ್ನು ಕಿವಿಯಲ್ಲೇ ಕೇಳಿದರು. ಕಣ್ಣು ತೆರೆದಾಗ ಅವರ ಮುಖ ಬಿಳಿಚಿಕೊಂಡಿತ್ತು.

"ಇವರೆಲ್ಲ ನಮ್ಮವರು."

"ಹದಿನಾಲ್ಕು ಮನೆಯವರೂ ಇದ್ದಾರೆ ಸ್ವಾಮಿ."

ಅವರು ಕೈ ಎತ್ತಿ, "ಕೂತ್ಕೊಳ್ಳಿ, ಎಲ್ಲರೂ ಸ್ವಲ್ಪ ಹೊತ್ತು ಕೂತ್ಕೊಳ್ಳಿ," ಎಂದರು. ಆ ಮೃದುವಾದ ದನಿಯನ್ನು ಗುರುತು ಹಿಡಿದು ಕೆಲವರು ಮೆಟ್ಟಿಲ ಮೇಲೆ ಕೂತರು. ಹತ್ತು ಎಣಿಸುವಷ್ಟರಲ್ಲಿ ಒಬ್ಬ ಎದ್ದ. ಅವನ ಹಿಂದೆ ಇನ್ನೊಬ್ಬಳು ಎದ್ದಳು. ತೊಡೆಗಳನ್ನು ಕೈಯಲ್ಲಿ ಒತ್ತಿ ಹಿಡಿದುಕೊಂಡು, ತುಟಿ ಕಚ್ಚಿಕೊಂಡು ಕೂತವರೂ ಎದ್ದರು. ಎಲ್ಲರೂ ಎದ್ದು ನಡೆಯತೊಡಗಿದರು. ಮೆಟ್ಟಿಲು ಖಾಲಿಯಾಯಿತು.

ಆಗ ಸಂಪ್ರದಾಯದಂತೆ ನಾನು ಕೇಳಿದೆ. ಸ್ವಾಮಿ, ನಿಮಗೆ ಏನು ಗೊತ್ತಿಲ್ಲ? ಅವರು ಖಾಲಿ ಮೆಟ್ಟಿಲು ನೋಡುತ್ತಿದ್ದರು. ಸ್ವಾಮಿ, ನಿಮಗೆ ಏನು ಗೊತ್ತಿಲ್ಲ? ಅವರು ನನ್ನ ಹಲಗೆಯ ಕಡೆ ತಿರುಗಿದರು. ಸ್ವಾಮಿ, ನಿಮಗೆ ಏನು ಗೊತ್ತಿಲ್ಲ?

"ಬರ್ಕೋ," ಎಂದರು. "ಕನಸು."

"ಕಣ್ಣಾರೆ ನೋಡಿದ್ರಲ್ಲ ಸ್ವಾಮಿ." ನಾನು ಬಹುತೇಕ ಕಿರುಚಿದೆ.

"ನಲವತ್ತು ವರ್ಷ ಪುಡಿ ಕೊಟ್ಟಿದ್ದೀನಿ ಮಗಳೇ. ಹೆಜ್ಜೆ ಸಪ್ಪಳ ಕೇಳಿದಾಗೆಲ್ಲ ಜಾಸ್ತಿ ಮಾಡಿದ್ದೀನಿ. ಇವತ್ತು ನನಗೆ ಗೊತ್ತಿಲ್ಲ ಅಂದ್ರೆ ಅಷ್ಟೂ ವರ್ಷ ನಾನು ಮಾಡಿದ್ದೇನು?"

ಬಳಪ ಹಲಗೆಯ ಮೇಲೆ ಇಟ್ಟೆ. 'ಕ' ಎಂದು ಬರೆದೂ ಆಗಿತ್ತು. ಆಗ ಅಕ್ಕ ಸುತ್ತು ಮುಗಿಸಿ ನಮ್ಮ ಹತ್ತಿರ ಬಂದಳು. ಮುಂದೆ ಹೋಗದೆ ನಮ್ಮಿಬ್ಬರ ಸುತ್ತಲೇ ನಡೆಯತೊಡಗಿದಳು. ಅವಳು ನನ್ನ ಹಾಗೆ ಕೇಳಲಿಲ್ಲ. ತನಗೆ ಬೇಕಾದದ್ದನ್ನು ಕೇಳಿದಳು.

"ಸ್ವಾಮಿ, ಪುಡಿ ಬಿಟ್ರೆ ಏನಾಗುತ್ತೆ?"

"ದನಿಗಳು ವಾಪಸು ಬರ್ತವೆ ತಾಯಿ." ಅವರು ಅವಳ ಮುಖ ನೋಡುತ್ತಾ ಅವಳ ಜೊತೆಗೇ ತಿರುಗುತ್ತಿದ್ದರು.

"ಬಿಡದೇ ಇದ್ರೆ?"

"ದನಿ ಬರಲ್ಲ."

"ಕೂರೋಕೂ ಆಗಲ್ಲ. ನಾಳೆಯಿಂದ ನಾನು ಏನು ಮಾಡ್ಲಿ? ಬಿಡ್ಲಾ, ಕುಡೀಲಾ? ನೀವು ಹೇಳಿದಂಗೆ ಮಾಡ್ತೀನಿ."

ಅವಳು ಒಂದು ಸುತ್ತು ಬಂದಳು. ಇನ್ನೊಂದು ಸುತ್ತು ಬಂದಳು. ಅವಳ ಎಡಗಾಲಿನ ಹಿಮ್ಮಡಿ ಒಡೆದು ರಕ್ತ ಬರುತ್ತಿತ್ತು, ಕಲ್ಲಿನ ಮೇಲೆ ಅದರ ಗುರುತು ಬೀಳುತ್ತಿತ್ತು. ಹಿರಿಯರು ಆ ಗುರುತನ್ನು ನೋಡಿದರು.

"ನನಗೆ ಗೊತ್ತಿಲ್ಲ," ಎಂದರು.

ನಾನು 'ಕ' ಒರೆಸಿ ಅದನ್ನು ಬರೆದೆ. ಅವರು ಬಾಯಿ ಮುಚ್ಚುವಷ್ಟರಲ್ಲಿ ಬರೆದು ಮುಗಿಸಿದ್ದೆ.

ಹುಣ್ಣಿಮೆಯ ಬೆಳಿಗ್ಗೆ ಕಟ್ಟೆಯ ಮೇಲೆ ಹದಿಮೂರು ಕನಸು ಓದಿ, ಕೊನೆಗೆ ಇದನ್ನು ಓದಿದೆ. ಪುಡಿ ಕುಡಿದವರು ಯಾಕೆ ಕೂರಲಾರರು, ಹಿರಿಯ ವೈದ್ಯರಿಗೆ ಗೊತ್ತಿಲ್ಲ. ಯಾರೂ ತಲೆದೂಗಲಿಲ್ಲ. ಅದು ಹರಕೆ ಅಲ್ವಾ ಎಂದು ಒಬ್ಬ ಕೇಳಿದ. ವಯಸ್ಸಾಯ್ತು, ಪಾಪ, ಎಂದು ಇನ್ನೊಬ್ಬ ಹೇಳಿದ. ಏಳನೆಯ ಮನೆಯ ಗೋಡೆಯ ಹಿಂದಿನಿಂದ ಬಿಕ್ಕುವ ಸದ್ದು ಬಂದ ಹಾಗಾಯಿತು, ಖಚಿತವಾಗಿ ಹೇಳಲಾರೆ. ದೋಣಿ ಹೊರಟಿತು. ಹೊಳೆಯ ನಡುವೆ ನಿಲ್ಲದೆ ಹೋಯಿತು. ನನಗೆ ಅಳು ಬಂತು.

ಮೂರನೆಯ ದಿನ ದೋಣಿ ವಾಪಸು ಬಂತು. ಕನಸಿನ ಗುರು ಇಳಿದ. ಅವನ ಹಿಂದೆ ಯಾರೂ ಇಳಿಯಲಿಲ್ಲ.

"ಮುದುಕಿ ಎಲ್ಲಿ?" ಎಂದೆ.

"ಹೋದ ಮಳೆಗಾಲದಲ್ಲಿ ತೀರಿಕೊಂಡಳಂತೆ ಕಣಮ್ಮ," ಎಂದ ಅಂಬಿಗ. "ಪೆಟ್ಟಿಗೆ ಪಕ್ಕದಲ್ಲೇ."

"ಅವಳ ಪಾಠ?"

"ಯಾರೂ ಕೇಳಿರಲಿಲ್ಲವಲ್ಲ. ಯಾರಿಗೂ ಹೇಳಿಲ್ಲ."

ನಾನು ಹಲಗೆಯನ್ನು ಹೊಳೆಗೆ ಎಸೆಯಲು ಎತ್ತಿದೆ. ಅಂಬಿಗ ನನ್ನ ಕೈ ಹಿಡಿದುಕೊಂಡ. ಆ ವರ್ಷವೂ ಹದಿಮೂರು ಮಂದಿ ಒಂಬತ್ತು ದಿನ ಕನಸಿನ ಪಾಠ ಕೇಳಿದರು, ತಲೆ ಆಡಿಸಿದರು, ಗುರು ತಪ್ಪಿದ ಕಡೆ ತಿದ್ದಿದರು.

ಹಿರಿಯರು ಹೋಗಲಿಲ್ಲ. ಅವರ ಕಿಂಡಿಯ ಮುಂದೆ ದಿನಾ ಮೂವತ್ತು ಜನ ನಿಲ್ಲುತ್ತಿದ್ದರು, ಓದಿದ ಮಾರನೆಯ ದಿನ ಒಬ್ಬಳೇ ನಿಂತಿದ್ದಳು. ಉಳಿದವರು ಬೇರೆ ಕಿಂಡಿಗಳನ್ನು ಹುಡುಕಿಕೊಂಡರು, ಅಲ್ಲಿ ಅವರಿಗೆ ಅದೇ ಪುಡಿ ಅಷ್ಟೇ ಚಮಚ ಸಿಕ್ಕಿತು. ನಿಂತಿದ್ದವಳು ಅಕ್ಕ. ನಿಂತಿದ್ದಳು ಎಂದೆ, ನಡೆಯುತ್ತಿದ್ದಳು.

"ಮುದುಕಿ ಇಲ್ಲ ತಾಯಿ," ಎಂದರು ಹಿರಿಯರು, ದೋಣಿ ವಾಪಸು ಬಂದ ಸಂಜೆ. "ಹೇಳಿಕೊಡೋರು ಯಾರೂ ಇಲ್ಲ. ನೀನೇ ನನಗೆ ಹೇಳ್ಬೇಕು. ನಾನು ಒಂದು ಚಿಟಿಕೆ ಕಮ್ಮಿ ಮಾಡ್ತೀನಿ, ಏನಾಯ್ತು ಅಂತ ನೀನು ಹೇಳು. ನಾನೂ ನೋಡ್ತೀನಿ."

ಅವತ್ತಿನಿಂದ ಅವರು ದಿನಾ ಸಂಜೆ ಕಲ್ಯಾಣಿಗೆ ಬಂದರು. ಅಕ್ಕನ ಹಿಂದೆ ನಾಲ್ಕು ಹೆಜ್ಜೆ ಬಿಟ್ಟು ನಡೆದರು. ಅವಳ ಕಾಲು ನೋಡಿದರು, ಕೈ ನೋಡಿದರು, ದವಡೆ ನೋಡಿದರು. ವಾರಕ್ಕೊಂದು ಚಿಟಿಕೆ ಇಳಿಸಿದರು. ಜನ ನಕ್ಕರು, ಆಮೇಲೆ ನಗುವುದನ್ನು ಬಿಟ್ಟು ಅವರಿಗೂ ಹರಕೆ ಇದೆ ಎಂದುಕೊಂಡು ಕೈ ಮುಗಿದರು. ಪುಡಿ ಎರಡು ಚಮಚಕ್ಕೆ ಇಳಿದಾಗ ಅಕ್ಕ ಒಂದು ಸಂಜೆ ತಟ್ಟನೆ ನಿಂತು ಹಿಂದೆ ತಿರುಗಿ ನೋಡಿದಳು.

"ಏನಾಯ್ತು?"

"ಒಂದು ಬಂತು ಸ್ವಾಮಿ."

"ಏನಂತು?"

"ಹೆಸರು ಕರೀತು, ಅಷ್ಟೆ."

ಅವರು ಎರಡು ಚಿಟಿಕೆ ವಾಪಸು ಹಾಕಿದರು. ದನಿ ಹೋಯಿತು. ಮೂರು ವಾರ ಏನನ್ನೂ ಮುಟ್ಟಲಿಲ್ಲ. ಮತ್ತೆ ಅರ್ಧ ಚಿಟಿಕೆ ಇಳಿಸಿದರು. ಅವರಿಗೆ ಅಂದಾಜು ಇರಲಿಲ್ಲ, ಕತ್ತಲಲ್ಲಿ ತಡವಿದ ಹಾಗೆ ಹೋಗುತ್ತಿದ್ದರು, ಹಾಗೆಂದು ಬಾಯಿಬಿಟ್ಟು ಹೇಳುತ್ತಿದ್ದರು. ನನಗೆ ದಿನಾ ಬಾವಿಯ ಭಯ ಇತ್ತು. ಬಾವಿಯ ಬಾಯಿಗೆ ಮರದ ಹಲಗೆ ಮುಚ್ಚಿಸಿ ಮೇಲೆ ಕಲ್ಲು ಇಡಿಸಿದ್ದೆ.

ಹನ್ನೊಂದು ತಿಂಗಳಾದ ಮೇಲೆ ಒಂದು ಸಂಜೆ, ನಾಳೆಯಿಂದ ಮತ್ತೆ ಹದಿನಾಲ್ಕು ಮನೆಗೆ ಹೋಗಬೇಕಲ್ಲ ಎಂದು ನಾನು ಮೆಟ್ಟಿಲ ಮೇಲೆ ಹಲಗೆ ತೊಳೆಯುತ್ತಿದ್ದೆ. ಅಕ್ಕ ಬಂದು ನನ್ನ ಪಕ್ಕದಲ್ಲಿ ಕೂತಳು.

ನಾನು ಹತ್ತು ಎಣಿಸಿದೆ. ನೂರು ಎಣಿಸಿದೆ. ಅವಳು ಏಳಲಿಲ್ಲ. ಸೀರೆಯ ಸೆರಗನ್ನು ಮೊಣಕಾಲ ಮೇಲೆ ಎಳೆದುಕೊಂಡು ನೀರು ನೋಡುತ್ತಿದ್ದಳು. ಹಿರಿಯರು ನಾಲ್ಕು ಹೆಜ್ಜೆ ಹಿಂದೆ ನಿಂತಲ್ಲೇ ನಿಂತಿದ್ದರು, ಕೆಮ್ಮಿದರೆ ಎಲ್ಲಿ ಎದ್ದುಬಿಡುತ್ತಾಳೋ ಎನ್ನುವ ಹಾಗೆ ಬಾಯಿಗೆ ಕೈ ಇಟ್ಟುಕೊಂಡಿದ್ದರು. ನನಗೆ ಸಂತೋಷ ಆಗಬೇಕಿತ್ತು. ಆಯಿತು ಕೂಡ. ಆದರೆ ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಹನ್ನೊಂದು ತಿಂಗಳು, ಕೆಲವು ಚಿಟಿಕೆ, ನೋಡುವವರು ಒಬ್ಬರು. ಇಷ್ಟಕ್ಕೆ ನನ್ನ ಅಕ್ಕ ಹತ್ತು ವರ್ಷ ನಡೆದಳು.

ಸುತ್ತಿನವರು ನಮ್ಮ ಮುಂದೆ ಹಾದುಹೋಗುತ್ತಿದ್ದರು. ಈಗ ಐವತ್ತು ದಾಟಿದ್ದರು. ಒಬ್ಬೊಬ್ಬರೂ ಕೂತಿರುವ ಅಕ್ಕನನ್ನು ತಿರುತಿರುಗಿ ನೋಡಿಕೊಂಡು ಹೋದರು. ಅವರಲ್ಲಿ ಒಬ್ಬಳು, ಯಾವ ಕಿಂಡಿಯವಳೋ, ನಡೆಯುತ್ತಲೇ ಕೇಳಿದಳು.

"ಹೆಂಗೆ ಕೂತೆ ತಾಯಿ?"

ಅಕ್ಕ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಆಕೆಯ ಕಾಲು ಆಕೆಯನ್ನು ಮುಂದಕ್ಕೆ ಕರೆದುಕೊಂಡು ಹೋಗಿತ್ತು. ಅಕ್ಕ ಅವಳು ಕಲ್ಯಾಣಿ ಸುತ್ತಿ ಮತ್ತೆ ಬರಲಿ ಎಂದು ಕಾಯುತ್ತಾ ಕೂತಳು.